ದೊಡ್ಡಸ್ವಾಮಿಯ ದಾಕು, ಆರೋಗ್ಯ ಮಾತೆಯ ಮೊಂಬತ್ತಿ

ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮೊದಲು ಹೋಗುವುದು ಎಲ್ಲಿಗೆ? ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಂಥ ಊರುಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಬಂದಿದೆ’ ಎಂದು ಬೇವಿನಸೊಪ್ಪು ಕಟ್ಟುತ್ತಾರೆ. ಹೊಟ್ಟೆನೋವು ಬಿಡದಿದ್ದರೆ ನಂಜನಗೂಡಿಗೆ ಉರುಳುಸೇವೆಯ ಹರಕೆ ಹೊರುತ್ತಾರೆ. ಜ್ವರ ಇಳಿಯದಿದ್ದರೆ ಸರ್ಕಾರಿ ಆಸ್ಪತ್ರೆ. ಅಲ್ಲಿಯೂ ಆಗದಿದ್ದರೆ ಹಾಸನದಿಂದ ಬರುವ ರೈಲು ಹತ್ತಿ ಮೈಸೂರು. ಇವುಗಳಲ್ಲಿ ಒಂದನ್ನು ಹಿಡಿದವರು ಮತ್ತೊಂದನ್ನು ಬಿಟ್ಟರು ಎಂದೇನೂ ಇಲ್ಲ. ತಾಯತವೂ ಇರುತ್ತದೆ, ಮಾತ್ರೆಯೂ ಇರುತ್ತದೆ.

ಇದೇ ಕುಟುಂಬ ಕೂಲಿ ಅರಸಿ ಮೈಸೂರಿನದೋ ಬೆಂಗಳೂರಿನದೋ ಕೊಳೆಗೇರಿ ಸೇರಿದಾಗ ಸಂಗತಿ ಬದಲಾಗುತ್ತದೆ. ಊರಮ್ಮ ಊರಲ್ಲೇ ಉಳಿಯುತ್ತಾಳೆ. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳಲು ಅತ್ತೆಯೂ ಇಲ್ಲ, ಓರಗಿತ್ತಿಯೂ ಇಲ್ಲ. ಆಗ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು, ‘ಅಕ್ಕಾ, ಸಂಜೆ ನಮ್ಮನೇಲಿ ಪ್ರಾರ್ಥನೆ ಇದೆ, ಮಗೂನ ಕರ್ಕೊಂಡು ಬನ್ನಿ’ ಎನ್ನುತ್ತಾಳೆ. ನಗರದ ಬಡವರ ನಡುವೆ ಕ್ರೈಸ್ತ ಆರೋಗ್ಯ ಪ್ರಾರ್ಥನೆ ಹರಡುವ ಬಗೆ ಬಹುಮಟ್ಟಿಗೆ ಹೀಗೆ. ದೊಡ್ಡ ಮೈದಾನದ ವೇದಿಕೆಗಿಂತ ಚಿಕ್ಕ ಬಾಗಿಲಿನ ಮೂಲಕವೇ ಅದು ಒಳಗೆ ಬರುತ್ತದೆ.

ಇದನ್ನು ಕೆಲವರು ಪವಾಡ ಎನ್ನುತ್ತಾರೆ. ಕೆಲವರು ಮತಾಂತರದ ಬಲೆ ಎನ್ನುತ್ತಾರೆ. ಮತ್ತೆ ಕೆಲವರು ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ. ಮೂರರಲ್ಲಿ ಯಾವುದನ್ನು ಒಪ್ಪುವ ಮೊದಲೂ ಈ ಪ್ರಾರ್ಥನೆ ನಮ್ಮ ನೆಲದಲ್ಲಿ ನಡೆದು ಬಂದ ದಾರಿಯನ್ನು ನೋಡುವುದು ಒಳ್ಳೆಯದು. ಆ ದಾರಿ ಶ್ರೀರಂಗಪಟ್ಟಣದ ಮೂಲಕವೇ ಹಾದುಹೋಗುತ್ತದೆ.

ಪಾದ್ರಿ ಹಾಕಿಸಿದ ದಾಕು

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಅದರ ಬೆನ್ನಿಗೇ ಅಲ್ಲಿಗೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್. 1792ರಲ್ಲಿ ಭಾರತಕ್ಕೆ ಬಂದಿದ್ದ ಇವರು ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸಕ್ಕೆ ನಿಂತರು. ಇಲ್ಲಿನವರಂತೆ ಉಡುಪು ತೊಟ್ಟರು, ಸಸ್ಯಾಹಾರ ಹಿಡಿದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಗಂಜಾಂನ ಹಳೆಯ ಚರ್ಚಿನೊಂದಿಗೆ ಇಂದಿಗೂ ಅವರ ಹೆಸರು ಬೆಸೆದುಕೊಂಡಿದೆ.

ಸಿಡುಬು ಮನೆಮನೆಯನ್ನೂ ಬರಿದು ಮಾಡುತ್ತಿದ್ದ ಕಾಲ ಅದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಕಂಡುಹಿಡಿದ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿ ತಲುಪಿತು. ಹಳೇ ಮೈಸೂರಿನವರು ‘ದಾಕು’ ಎಂದು ಕರೆದ ಈ ಲಸಿಕೆಯನ್ನು ಹಾಕಿಸಿಕೊಳ್ಳಲು ಜನ ಸುಲಭವಾಗಿ ಒಪ್ಪಲಿಲ್ಲ. ಸಿಡುಬು ಎಂದರೆ ದೇವಿಯ ಆಗಮನ. ಬಂದ ದೇವಿಯನ್ನು ಗಾಯ ಮಾಡಿ ತಡೆಯುವುದುಂಟೆ? ಹಸುವಿನ ರೋಗದ ಕೀವನ್ನು ಮೈಗೆ ಸೇರಿಸಿಕೊಳ್ಳುವುದುಂಟೆ?

ಇಂಥ ಹೊತ್ತಿನಲ್ಲಿ ದೊಡ್ಡಸ್ವಾಮಿಯವರು ಊರೂರಿಗೆ ಹೋಗಿ ಜನರ ಮನವೊಲಿಸಿದರು. 1803–04ರ ಅವಧಿಯಲ್ಲಿ ಅವರ ಪ್ರಯತ್ನದಿಂದ 25,432 ಜನ ದಾಕು ಹಾಕಿಸಿಕೊಂಡರು ಎಂದು ದಾಖಲಾಗಿದೆ. ಮೈಸೂರು ಅರಮನೆಯೂ ಹಿಂದೆ ಬೀಳಲಿಲ್ಲ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರಲ್ಲಿ ಬರೆದ ಮೂವರು ರಾಜಮನೆತನದ ಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಸೆರಗು ಸರಿಸಿ ತೋಳು ತೋರುತ್ತಿರುವ ಬಗೆ ದಾಕು ಹಾಕಿಸಿಕೊಂಡದ್ದರ ಸೂಚನೆ ಎಂದು ಇತ್ತೀಚಿನ ಇತಿಹಾಸಕಾರರು ಅರ್ಥೈಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದಾಕು ಹಾಕಿಸಿಕೊಂಡ ಅಷ್ಟೂ ಜನ ಕ್ರೈಸ್ತರಲ್ಲ; ಕ್ರೈಸ್ತರಾಗಬೇಕೆಂಬ ಕರಾರೂ ಇರಲಿಲ್ಲ. ಮೂವತ್ತೊಂದು ವರ್ಷ ಇಲ್ಲಿ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಡುಬಾಯ್, ಹಿಂದೂಗಳನ್ನು ಮತಾಂತರಿಸುವ ಆಸೆ ಕೈಗೂಡುವಂಥದ್ದಲ್ಲ ಎಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಬರೆದರು. ಪ್ರಚಾರಕರಾಗಿ ತಾವು ಸೋತೆವೆಂದುಕೊಂಡವರು ಮಕ್ಕಳನ್ನು ಉಳಿಸುವ ಕೆಲಸದಲ್ಲಿ ಮಾತ್ರ ಗೆದ್ದಿದ್ದರು.

ಬಿಳಿ ಅಕ್ಕಿ ಪಳ್ಳಿಯ ಗುಡಿಸಲು

ಡುಬಾಯ್ ಅವರ ಹೆಸರು ಬೆಂಗಳೂರಿನ ಇನ್ನೊಂದು ಜಾಗದ ಜೊತೆಗೂ ಸೇರಿಕೊಂಡಿದೆ. ಇಂದಿನ ಶಿವಾಜಿನಗರ ಹಿಂದೆ ಬ್ಲ್ಯಾಕ್‌ಪಳ್ಳಿ. ಸೆಂಜಿಯ ಕಡೆಯಿಂದ ಬಂದ ತಮಿಳು ಕ್ರೈಸ್ತರು ಇಲ್ಲಿ ಬಿಳಿ ಅಕ್ಕಿಯ ಭತ್ತ ಬೆಳೆಯುತ್ತಿದ್ದರು, ‘ಬಿಳಿ ಅಕ್ಕಿ ಪಳ್ಳಿ’ಯೇ ಇಂಗ್ಲಿಷರ ಬಾಯಲ್ಲಿ ಬ್ಲ್ಯಾಕ್‌ಪಳ್ಳಿಯಾಯಿತು ಎಂಬುದು ಹೆಸರಿನ ಬಗ್ಗೆ ಹೇಳುವ ಕಥೆ. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಅಲ್ಲಿ ಹುಲ್ಲು ಹೊದಿಸಿದ ಪುಟ್ಟ ಪ್ರಾರ್ಥನಾ ಮಂದಿರ ಇತ್ತು. ಅದೇ ಬೆಳೆದು ಇಂದಿನ ಸೇಂಟ್ ಮೇರಿ ಬೆಸಿಲಿಕಾ ಆಯಿತು. ಗೋಥಿಕ್ ಶೈಲಿಯ ಈ ಚರ್ಚು ಪ್ರತಿಷ್ಠಾಪನೆಯಾದದ್ದು 1882ರ ಸೆಪ್ಟೆಂಬರ್ 8ರಂದು. 1973ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು.

ಇಲ್ಲಿನ ಮರಿಯಮ್ಮನವರಿಗೆ ಭಕ್ತರು ಇಟ್ಟ ಹೆಸರು ಆರೋಗ್ಯ ಮಾತೆ. ಆಗಸ್ಟ್ 29ರಂದು ಧ್ವಜ ಏರಿದ ಮೇಲೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಸೆಪ್ಟೆಂಬರ್ 8ರಂದು ತೇರು. ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. ಮಾತೆಗೆ ಸೀರೆ ಉಡಿಸಿರುತ್ತಾರೆ. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ತೊಟ್ಟು ಬರುತ್ತಾರೆ. ಸಾಲಿನಲ್ಲಿ ನಿಂತವರನ್ನು ನೋಡಿದರೆ ಹಣೆಯಲ್ಲಿ ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಶಿಲುಬೆಯ ಸರ ಹಾಕಿದವರು ಎಲ್ಲರೂ ಕಾಣುತ್ತಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಅಪ್ಪಳಿಸಿದಾಗ ಜನ ಈ ತಾಯಿಯ ಮೊರೆಹೊಕ್ಕ ಕಥೆಯನ್ನು ಭಕ್ತರು ಹೇಳುತ್ತಾರೆ. ಅದೇ ಮಾರಿ ಬಂದ ಕಾಲದಲ್ಲಿ ನಮ್ಮ ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳೂ ಎದ್ದವು. ಭಯ ಒಂದೇ ಆಗಿತ್ತು, ಮೊರೆ ಹೋದ ಬಾಗಿಲು ಮಾತ್ರ ಬೇರೆ.

ಹಾಗೆ ನೋಡಿದರೆ ಕಾಯಿಲೆಯ ಮುಂದೆ ಮತದ ಗೋಡೆ ಗಟ್ಟಿಯಾಗಿ ನಿಂತದ್ದು ನಮ್ಮಲ್ಲಿ ಕಡಿಮೆ. ಪಟ್ಟದ ಆನೆಯ ಕಣ್ಣು ವಾಸಿಯಾದ ಸಂತೋಷಕ್ಕೆ ಟಿಪ್ಪು ಸುಲ್ತಾನ್ ನಂಜುಂಡೇಶ್ವರನನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಲಿಂಗ ಅರ್ಪಿಸಿದನೆಂಬ ಪ್ರತೀತಿ ನಂಜನಗೂಡಿನಲ್ಲಿ ಈಗಲೂ ಇದೆ.

ಕೈಯಿಟ್ಟು ಮಾಡುವ ಪ್ರಾರ್ಥನೆ

ಆರೋಗ್ಯ ಮಾತೆಯ ಹರಕೆ ಒಂದು ಬಗೆಯಾದರೆ, ಕೊಳೆಗೇರಿಯ ಮನೆಗಳಲ್ಲಿ ನಡೆಯುವ ಪ್ರಾರ್ಥನೆ ಇನ್ನೊಂದು ಬಗೆ. ಇದರ ಬೇರು ಬೈಬಲಿನಲ್ಲಿದೆ. ಯೇಸು ಕುರುಡರನ್ನು, ಕುಷ್ಠರೋಗಿಗಳನ್ನು ಗುಣಪಡಿಸಿದ ಪ್ರಸಂಗಗಳು ಸುವಾರ್ತೆಗಳ ತುಂಬ ಇವೆ. ಸಭೆಯ ಹಿರಿಯರು ರೋಗಿಯ ಬಳಿ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದು ಯಾಕೋಬನ ಪತ್ರಿಕೆ ಹೇಳುತ್ತದೆ. ಕ್ಯಾಥೊಲಿಕ್ ಸಭೆಯಲ್ಲಿ ಈ ಎಣ್ಣೆ ಬಹುಕಾಲ ಸಾಯುವ ಹೊತ್ತಿನ ಸಂಸ್ಕಾರವಾಗಿಬಿಟ್ಟಿತ್ತು. 1972ರಲ್ಲಿ ಪೋಪ್ ಆರನೇ ಪೌಲರು ಇದನ್ನು ತಿದ್ದಿ, ಗಂಭೀರವಾಗಿ ಕಾಯಿಲೆ ಬಿದ್ದ ಯಾರಿಗೇ ಆದರೂ ಕೊಡಬಹುದಾದ ಸಂಸ್ಕಾರವೆಂದು ಸ್ಪಷ್ಟಪಡಿಸಿದರು.

ಪೆಂಟೆಕೋಸ್ಟ್ ಪಂಥದವರದು ಮತ್ತೊಂದು ಹಾದಿ. 1906ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯಲ್ಲಿ ನಡೆದ ಸಭೆಗಳನ್ನು ಈ ಪಂಥದ ಮೂಲವೆಂದು ಹೇಳುವುದು ವಾಡಿಕೆ. ಆದರೆ ಅದಕ್ಕೂ ಒಂದು ವರ್ಷ ಮೊದಲೇ ಪುಣೆಯ ಬಳಿಯ ಕೆಡಗಾಂವ್‌ನ ಮುಕ್ತಿ ಆಶ್ರಮದಲ್ಲಿ ಅಂಥದೇ ಪ್ರಾರ್ಥನೆಯ ಅಲೆ ಎದ್ದಿತ್ತು. ಆ ಆಶ್ರಮ ನಡೆಸುತ್ತಿದ್ದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ.

ಮನೆಪ್ರಾರ್ಥನೆಯ ಕ್ರಮ ಸರಳ. ಹತ್ತಡಿ ಅಗಲದ ಕೋಣೆಯಲ್ಲಿ ಚಾಪೆ ಹಾಸಿರುತ್ತಾರೆ. ‘ಸ್ತೋತ್ರ’ ಎಂದು ಪರಸ್ಪರ ವಂದಿಸಿ ಕೂತವರು ಚಪ್ಪಾಳೆಯೊಡನೆ ಹಾಡುತ್ತಾರೆ. ಪಾಸ್ಟರ್ ಬೈಬಲಿನ ಒಂದು ಭಾಗ ಓದಿ ನಾಲ್ಕು ಮಾತು ಹೇಳುತ್ತಾರೆ. ಬಳಿಕ ‘ಸಾಕ್ಷಿ’. ಒಬ್ಬಾಕೆ ಎದ್ದು ಗಂಡ ಕುಡಿತ ಬಿಟ್ಟದ್ದನ್ನು, ಇನ್ನೊಬ್ಬಾಕೆ ಮಗುವಿನ ಫಿಟ್ಸ್ ನಿಂತದ್ದನ್ನು ಹೇಳುತ್ತಾಳೆ. ಕೊನೆಗೆ ಕಾಯಿಲೆಯವರ ಹೆಸರು ಹಿಡಿದು, ತಲೆಯ ಮೇಲೆ ಕೈಯಿಟ್ಟು ಎಲ್ಲರೂ ಒಟ್ಟಿಗೆ ಪ್ರಾರ್ಥಿಸುತ್ತಾರೆ.

ಹೆಸರು ಹಿಡಿದು ಕರೆಯುವ ಈ ಕೊನೆಯ ಘಟ್ಟದಲ್ಲೇ ಇದರ ಶಕ್ತಿ ಇದೆ. ದೊಡ್ಡಾಸ್ಪತ್ರೆಯಲ್ಲಿ ಬಡ ರೋಗಿ ಒಂದು ಚೀಟಿಯ ನಂಬರು. ಬೆಳಗಿನ ಜಾವ ಸಾಲಿಗೆ ನಿಂತು, ಒಂದು ದಿನದ ಕೂಲಿ ಕಳೆದುಕೊಂಡು, ವೈದ್ಯರ ಮುಂದೆ ಎರಡು ನಿಮಿಷ ನಿಂತು ಬರುವ ಹೆಂಗಸನ್ನು ‘ನಿನಗೇನಮ್ಮ ಕಷ್ಟ?’ ಎಂದು ಕೇಳಿ ಅರ್ಧ ಗಂಟೆ ಕೇಳಿಸಿಕೊಳ್ಳುವವರು ಬೇರೆ ಯಾರಿದ್ದಾರೆ? ಆಕೆಯ ಮನೆಗೆ ಅಕ್ಕಿ ಇಲ್ಲದ ದಿನ ಅದೇ ಗುಂಪಿನ ಒಬ್ಬರು ಒಂದು ಸೇರು ತಂದಿಡುತ್ತಾರೆ. ಕುಡಿತ ಬಿಟ್ಟ ಗಂಡನ ಸುತ್ತ ಕುಡಿಯದ ಗೆಳೆಯರು ಸೇರುತ್ತಾರೆ. ಇವೆಲ್ಲ ಪವಾಡವಲ್ಲ. ಆದರೆ ನಗರಕ್ಕೆ ಬಂದು ನೆಂಟರನ್ನು ಕಳೆದುಕೊಂಡವರಿಗೆ ಇದು ಸಣ್ಣ ಸಂಗತಿಯೂ ಅಲ್ಲ.

ಪ್ರಾರ್ಥನೆಯನ್ನು ಅಳೆದವರು

ಹಾಗಾದರೆ ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆಯೆ? ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಪಡೆದವರಲ್ಲಿ ಶೇ 52, ಪಡೆಯದವರಲ್ಲಿ ಶೇ 51 ಮಂದಿಗೆ ತೊಡಕುಗಳು ಕಾಣಿಸಿದವು. ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ಈ ಪ್ರಮಾಣ ಶೇ 59. ದೂರದಲ್ಲಿ ಕೂತು ಅಪರಿಚಿತರು ಮಾಡಿದ ಪ್ರಾರ್ಥನೆ ಗಾಯ ಮಾಯಿಸಲಿಲ್ಲ ಎಂಬುದು ಇದರ ತಾತ್ಪರ್ಯ.

ಇನ್ನೊಂದು ಅಧ್ಯಯನ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರದು. ತಮಿಳುನಾಡಿನ ಹಳ್ಳಿಯೊಂದರ ದೇವಸ್ಥಾನದಲ್ಲಿ ತಂಗಿದ್ದ ತೀವ್ರ ಮನೋರೋಗದ 31 ಮಂದಿಯನ್ನು ಅವರು ಪರೀಕ್ಷಿಸಿದರು. ಅಲ್ಲಿ ಔಷಧವೂ ಇರಲಿಲ್ಲ, ಸರಪಳಿಯೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದು ದೇವಸ್ಥಾನದ ಸಣ್ಣಪುಟ್ಟ ಕೆಲಸದಲ್ಲಿ ತೊಡಗುವುದಷ್ಟೇ. ಕೆಲವು ವಾರಗಳಲ್ಲಿ ರೋಗಲಕ್ಷಣಗಳು ಸುಮಾರು ಶೇ 20ರಷ್ಟು ತಗ್ಗಿದ್ದವು. ಇದು 2002ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಬಂತು. ಆದರೆ ಅದಕ್ಕೆ ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಎರವಾಡಿಯ ದರ್ಗಾದ ಬಳಿ ‘ವಾಸಿ’ಗೆಂದು ಸರಪಳಿ ಬಿಗಿದು ಇಟ್ಟಿದ್ದ ಮನೋರೋಗಿಗಳು ಬೆಂಕಿಗೆ ಸಿಕ್ಕಿದರು; 28 ಮಂದಿ ಸತ್ತರು. ಆದರದಿಂದ ನೋಡಿಕೊಂಡ ನಂಬಿಕೆಗೂ ಕಟ್ಟಿಹಾಕಿದ ನಂಬಿಕೆಗೂ ಇರುವ ಅಂತರ ಇದು.

ಚರ್ಚುಗಳೂ ಈ ವಿಷಯದಲ್ಲಿ ಎಚ್ಚರ ತಪ್ಪಿಲ್ಲ. ಫ್ರಾನ್ಸಿನ ಲೂರ್ದ್‌ನಲ್ಲಿ 1858ರಿಂದ ಈಚೆಗೆ ಸಾವಿರಾರು ಮಂದಿ ತಮಗೆ ವಾಸಿಯಾಯಿತು ಎಂದಿದ್ದರೂ ವೈದ್ಯರ ಪರಿಶೀಲನೆಯ ಬಳಿಕ ಸಭೆ ಪವಾಡವೆಂದು ಒಪ್ಪಿರುವುದು ಎಪ್ಪತ್ತರ ಆಸುಪಾಸು ಮಾತ್ರ. ಆರೋಗ್ಯ ಪ್ರಾರ್ಥನೆಗಳಲ್ಲಿ ಉನ್ಮಾದ, ನಾಟಕೀಯತೆ ಕೂಡದು ಎಂದು ವ್ಯಾಟಿಕನ್ 2000ದಲ್ಲಿ ಸೂಚನೆ ಹೊರಡಿಸಿತು.

ಎಲ್ಲಿ ಗೆರೆ ಎಳೆಯಬೇಕು?

ಇಷ್ಟಾದರೂ ವಿವಾದ ತಪ್ಪಿಲ್ಲ. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಅಮೆರಿಕದ ಪ್ರಚಾರಕ ಬೆನ್ನಿ ಹಿನ್ ನಡೆಸಿದ ಭಾರಿ ಪ್ರಾರ್ಥನಾಸಭೆ ಪ್ರತಿಭಟನೆಗೆ ಕಾರಣವಾಯಿತು. 2022ರಲ್ಲಿ ರಾಜ್ಯ ತಂದ ಮತಾಂತರ ನಿಷೇಧ ಕಾಯ್ದೆ ಬಲವಂತ, ವಂಚನೆ, ಆಮಿಷಗಳ ಮೂಲಕ ಮಾಡುವ ಮತಾಂತರವನ್ನು ಅಪರಾಧವೆಂದಿತು. ದೈವದ ಮುನಿಸಿನ ಮಾತನ್ನೂ ಅದು ಆಮಿಷದ ವ್ಯಾಖ್ಯೆಯೊಳಗೆ ತಂದಿತು. ಇದು ಬಡವರನ್ನು ರಕ್ಷಿಸುತ್ತದೆ ಎಂದವರೂ ಉಂಟು. ನೆರೆಮನೆಯ ಪ್ರಾರ್ಥನೆಯನ್ನೂ ಅನುಮಾನದಿಂದ ನೋಡುವಂತೆ ಮಾಡುತ್ತದೆ ಎಂದವರೂ ಉಂಟು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು.

ರೋಗಿಯ ದೃಷ್ಟಿಯಿಂದ ಹೆಚ್ಚು ಉಪಯೋಗದ ಗೆರೆ ಇನ್ನೊಂದು ಕಾನೂನಿನಲ್ಲಿದೆ. ಅಮಾನವೀಯ ಆಚರಣೆ ಮತ್ತು ವಾಮಾಚಾರಗಳ ವಿರುದ್ಧ 2017ರಲ್ಲಿ ರೂಪುಗೊಂಡ ರಾಜ್ಯದ ಕಾಯ್ದೆ ಪ್ರಾರ್ಥನೆಯನ್ನು ತಡೆಯುವುದಿಲ್ಲ. ಆದರೆ ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ಅಪರಾಧವೆನ್ನುತ್ತದೆ. ಪ್ರಾರ್ಥಿಸುವುದು ತಪ್ಪಲ್ಲ, ಚಿಕಿತ್ಸೆ ತಪ್ಪಿಸುವುದು ತಪ್ಪು.

ಬಡವರ ಪಾಲಿಗೆ ಇದು ತರ್ಕದ ಮಾತಲ್ಲ, ಜೀವದ ಮಾತು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಎರಡನೇ ತಿಂಗಳಿಗೇ ಕೆಮ್ಮು ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ಸಭೆಯಲ್ಲಿ ನಿಂತು ‘ನನಗೆ ವಾಸಿಯಾಯಿತು’ ಎಂದು ಸಾಕ್ಷಿ ಹೇಳಿ ಮಾತ್ರೆ ಬಿಟ್ಟವನಿಗೆ ರೋಗ ಮರಳಿದರೆ, ಮೊದಲಿನ ಔಷಧಕ್ಕೆ ಅದು ಬಗ್ಗದೆ ಹೋಗಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಫಿಟ್ಸ್‌ಗಳದೂ ಇದೇ ಪಾಡು. ಮಾತ್ರೆ ಬಿಡುವುದು ವಿಶ್ವಾಸದ ಗುರುತು ಎಂದು ಯಾರಾದರೂ ಹೇಳಿದರೆ, ವಾಸಿಯಾಗದೆ ಹೋದಾಗ ‘ನಿನ್ನ ನಂಬಿಕೆ ಸಾಲದು’ ಎಂಬ ಹೊರೆಯೂ ರೋಗಿಯ ತಲೆಗೇ ಬೀಳುತ್ತದೆ.

ಇನ್ನೊಂದು ಮಾದರಿಯೂ ಕ್ರೈಸ್ತರಲ್ಲೇ ಇದೆ. 1886ರಲ್ಲಿ ಸನ್ಯಾಸಿನಿಯರು ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಹೆಂಗಸರು, ಮಕ್ಕಳಿಗೆಂದೇ ಆರಂಭವಾಯಿತು. ಜನ ಅದನ್ನು ‘ಮಿಷನ್ ಆಸ್ಪತ್ರೆ’ ಎಂದೇ ಕರೆದರು. ಇಂಥ ಕಡೆ ಪ್ರಾರ್ಥನೆಯೂ ಮದ್ದೂ ಒಂದೇ ಸೂರಿನಡಿ ಇದ್ದವು.

ಅದಕ್ಕೂ ನೂರು ವರ್ಷ ಮೊದಲು ದೊಡ್ಡಸ್ವಾಮಿಯವರು ನಡೆದದ್ದೂ ಇದೇ ಹಾದಿಯಲ್ಲಿ. ಪ್ರಾರ್ಥಿಸುವುದು ಅವರ ವೃತ್ತಿ. ಆದರೂ ಸಿಡುಬಿನ ಮುಂದೆ ಅವರು ಜನರ ಕೈಗೆ ಜಪಮಾಲೆಯನ್ನಷ್ಟೇ ಕೊಟ್ಟು ಕಳಿಸಲಿಲ್ಲ, ತೋಳಿಗೆ ದಾಕು ಹಾಕಿಸಿದರು. ಸಂಜೆಯ ಪ್ರಾರ್ಥನೆಗೆ ಕರೆಯುವ ನೆರೆಮನೆಯಾಕೆ, ‘ಅಕ್ಕಾ, ಮಗೂಗೆ ಮಾತ್ರೆ ಕೊಟ್ಟಿರಾ?’ ಎಂದೂ ಕೇಳಿದರೆ ಆ ಹಳೆಯ ಹಾದಿ ಇನ್ನೂ ಮುಚ್ಚಿಲ್ಲ ಎಂದುಕೊಳ್ಳಬಹುದು.