ಕೀಲಿಯ ಕಾಯಕಕ್ಕೆ ಬೇಕಾದ ಬಂಡವಾಳ

ಮೈಸೂರಿನವರಿಗೆ ‘ಬೀಗ’, ವಿಜಯಪುರ ಸೀಮೆಯವರಿಗೆ ‘ಕೀಲಿ’. ಹೆಸರು ಯಾವುದಾದರೇನು, ಕೀಲಿಕೈ ಕಳೆದಾಗಿನ ಪರದಾಟ ಎಲ್ಲರಿಗೂ ಒಂದೇ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಅನೇಕ ಕುಟುಂಬಗಳು ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಮೆಯನ್ನರಸಿ ಗೋವೆಗೂ ಮಹಾರಾಷ್ಟ್ರಕ್ಕೂ ತೆರಳುತ್ತವೆ. ಅವರು ಮರಳುವವರೆಗೆ ಮನೆಯನ್ನು ಕಾಯುವುದು ಬಾಗಿಲಿನ ಒಂದು ಕೀಲಿ. ಆದುದರಿಂದ ಅದನ್ನು ತೆರೆಯಬಲ್ಲವನು ಎಂಥವನು ಎಂಬ ಪ್ರಶ್ನೆ ಇಲ್ಲಿ ಸಣ್ಣದಲ್ಲ.

ಈ ಕಸುಬಿಗಿಳಿಯುವ ತರುಣನಿಗೆ ಬೇಕಾದ ಸಾಮಗ್ರಿ ಅಲ್ಪ: ಕೆಲವು ಅರಗಳು, ಸುತ್ತಿಗೆ, ಇಕ್ಕಳ, ಬಿಗಿಹಿಡಿಯಲು ಒಂದು ವೈಸು, ಹಲ್ಲು ಕೊರೆಯದ ಕೀಲಿಕೈಗಳ ಗೊಂಚಲು. ಯಂತ್ರ ಆಮೇಲೆ ಬಂದೀತು. ಅನುಭವಿ ಉಸ್ತಾದನೊಬ್ಬನ ಬಳಿ ಕುಳಿತು, ಹಳೆಯ ಕೀಲಿಗಳನ್ನು ಬಿಚ್ಚಿ ಜೋಡಿಸುವುದೇ ಮೊದಲ ಪಾಠ.

ಅಮೆರಿಕದ ಕಿರಿಯ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಮಾದರಿಯ ಕೀಲಿ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಅದರೊಳಗೆ ಸ್ಪ್ರಿಂಗುಗಳು ಅದುಮಿ ಹಿಡಿದ ಸಣ್ಣ ಕಡ್ಡಿಗಳ ಸಾಲು. ಪ್ರತಿ ಕಡ್ಡಿಯೂ ಎರಡು ತುಂಡು. ಸರಿಯಾದ ಕೀಲಿಕೈಯ ಹಲ್ಲುಗಳು ಆ ಸಂದುಗಳನ್ನೆಲ್ಲ ಒಂದೇ ಮಟ್ಟಕ್ಕೆ ಎತ್ತಿದಾಗ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಕೆಲಸ ಕೆಟ್ಟಿತು. ಉದುರಿದ ಹಿತ್ತಾಳೆಯನ್ನು ಮರಳಿ ಅಂಟಿಸಲಾಗದು.

ಮೂಲ ಕೀಲಿಕೈ ಇಲ್ಲದಾಗ ಕೆಲಸ ಇನ್ನೂ ನಾಜೂಕು. ಹಲ್ಲಿಲ್ಲದ ಕೀಲಿಕೈಯನ್ನು ತೂರಿಸಿ ತಿರುಚಿದರೆ ಅದರ ಮೇಲೆ ಮಸುಕಾದ ಗುರುತುಗಳು ಮೂಡುತ್ತವೆ. ಅಲ್ಲಲ್ಲಿ ಉಜ್ಜಿ, ಮತ್ತೆ ತೂರಿಸಿ ನೋಡಬೇಕು. ತಾಳ್ಮೆಯೇ ಇಲ್ಲಿ ಗುರು. 1851ರಲ್ಲಿ ಲಂಡನ್ನಿನಲ್ಲಿ, ತೆರೆದವರಿಗೆ 200 ಗಿನಿ ಬಹುಮಾನವೆಂದು ಸವಾಲೊಡ್ಡಿದ್ದ ಬ್ರಾಮಾ ಕೀಲಿಯನ್ನು ಅಮೆರಿಕದ ಹಾಬ್ಸ್ ತೆರೆದನು. ಆ ಕುಶಲಿಗೂ ಎರಡು ವಾರಕ್ಕೂ ಮಿಕ್ಕಿ ಕಾಲ ಹಿಡಿಯಿತು!

ಸಣ್ಣ ಊರಿನಲ್ಲಿ ಗಿರಾಕಿಗಳು ದಿನವೂ ಬರುವುದಿಲ್ಲ. ಕೊಡೆ, ಟಾರ್ಚು, ಸೂಟ್‌ಕೇಸುಗಳ ರಿಪೇರಿಯನ್ನೂ ಕಲಿತವನ ಒಲೆ ಆರದು. ಆದರೆ ಸಾಬೂನಿನ ಮೇಲೊತ್ತಿದ ಅಚ್ಚನ್ನು ತಂದು, ಕೇಳಿದಷ್ಟು ಹಣ ಕೊಡುವೆನೆನ್ನುವ ಗಿರಾಕಿಯೂ ಒಂದು ದಿನ ಬಂದಾನು. ನಿಜವಾದ ಪರೀಕ್ಷೆ ಅಂದು. ಬಲ್ಲ ಕಸಬುದಾರನು ಅಂಥವನನ್ನು ಹಿಂದಕ್ಕೆ ಕಳಿಸುತ್ತಾನೆ. ಮುಚ್ಚಿದ ಮನೆಯನ್ನು ನೆರೆಹೊರೆಯವರ ಎದುರಿನಲ್ಲಷ್ಟೇ ತೆರೆಯುತ್ತಾನೆ. ಮಾಡಿಸಿದವರ ಹೆಸರು, ವಿಳಾಸಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ.

ಕಾಯಕಕ್ಕೆ ಸತ್ಯಶುದ್ಧತೆಯೇ ಪ್ರಾಣವೆಂದು ಸಾರಿದ ಹನ್ನೆರಡನೆಯ ಶತಮಾನದ ಬಸವಣ್ಣನವರ ಜನ್ಮಸ್ಥಳ ಇದೇ ಬಾಗೇವಾಡಿ. ಅರ, ಸುತ್ತಿಗೆಗಳು ಯಾವ ಪೇಟೆಯಲ್ಲಾದರೂ ಸಿಕ್ಕಾವು. ಪರಊರಿಗೆ ಹೊರಟವರು ನಿಶ್ಚಿಂತೆಯಿಂದ ಬಸ್ಸೇರುವಂತೆ ಮಾಡುವ ಹೆಸರನ್ನು ಮಾತ್ರ ವರ್ಷಗಟ್ಟಲೆ ದುಡಿದೇ ಗಳಿಸಬೇಕು.