ಅಂಗಳದಲ್ಲಿ ಸಿಂಗಾರಗೊಳ್ಳುವ ದೋಣಿ

ನಮ್ಮ ಕರಾವಳಿಯಲ್ಲಿ ದೋಣಿ ಎಂದರೆ ಹೊಟ್ಟೆಪಾಡು. ಅಮೆರಿಕದ ಕೆರೆ, ನದಿಗಳ ಬಳಿಯ ಅನೇಕ ಕುಟುಂಬಗಳಿಗೆ ಅದು ರಜಾದಿನದ ಸಂಗಾತಿ. 'ಜಾನ್ ಬೋಟ್' ಎಂಬ ಚಪ್ಪಟೆ ತಳದ ಪುಟ್ಟ ಅಲ್ಯೂಮಿನಿಯಂ ದೋಣಿಯನ್ನು ತಂದು, ಮನೆಯಂಗಳದಲ್ಲೇ ಅದಕ್ಕೆ ಹಲಗೆಯ ನೆಲ, ತಿರುಗುವ ಕುರ್ಚಿ ಜೋಡಿಸುವುದು ಅಲ್ಲಿ ಹಲವರ ಹವ್ಯಾಸ. ನಿಮ್ಮ ಬಂಧುಗಳು ಯಾರಾದರೂ ಅಲ್ಲಿದ್ದು ಈ ಕೆಲಸಕ್ಕೆ ಕೈ ಹಾಕಿದ್ದರೆ ಕೆಲವು ಮಾತು ತಿಳಿಸಿ.

ದೋಣಿಯ ಅಡ್ಡ ಆಸನಗಳು ಬರೀ ಕೂರುವುದಕ್ಕಲ್ಲ. ಅವು ತೆಳು ತಗಡಿನ ಬದಿಗಳು ಬಾಗದಂತೆ ಹಿಡಿದಿಡುತ್ತವೆ. ಸಾಮಾನ್ಯವಾಗಿ ಅವುಗಳೊಳಗೆ ತುಂಬಿರುವ ಫೋಮ್, ನೀರು ನುಗ್ಗಿದರೂ ದೋಣಿ ಮುಳುಗದಂತೆ ಕಾಯುತ್ತದೆ. ಜಾಗಕ್ಕಾಗಿ ಆಸನ ಕಿತ್ತರೆ ಜೀವದ ಆಸರೆಯನ್ನೇ ಕಿತ್ತಂತೆ.

ಅಲ್ಲಿ 1972ರ ನವೆಂಬರ್‌ನಿಂದ ತಯಾರಾದ, 20 ಅಡಿಗಿಂತ ಚಿಕ್ಕದಾದ ಇಂತಹ ಮೋಟಾರು ದೋಣಿಗಳಲ್ಲಿ ಒಂದು ಫಲಕವಿರಬೇಕು. ಎಷ್ಟು ಜನ, ಎಷ್ಟು ಭಾರ ಎಂದು ಅದು ಹೇಳುತ್ತದೆ. ಹೊಸ ಹಲಗೆ, ಬ್ಯಾಟರಿಗಳ ಭಾರವನ್ನೂ ಅದರಲ್ಲೇ ಕಳೆಯಬೇಕು. ಮೂವರ ದೋಣಿ ಇಬ್ಬರದ್ದಾಗಬಹುದು. ನೆಲ ಎತ್ತರಿಸಿದಷ್ಟೂ ದೋಣಿ ಮಗುಚುವ ಭಯ ಹೆಚ್ಚು.

ಹುಳ ಹಿಡಿಯದಂತೆ ತಾಮ್ರದ ರಾಸಾಯನಿಕ ಉಣಿಸಿದ ಮರವನ್ನು ಬಳಸಬಾರದು. ಒದ್ದೆಯಾದಾಗ ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸಾದಾ ಪ್ಲೈವುಡ್‌ನ ಅಂಚುಗಳಿಗೂ ಎಪಾಕ್ಸಿ ಬಳಿದು ಕೂರಿಸಿದರೆ ಒಳ್ಳೆಯದು.

ಪ್ರತಿಯೊಬ್ಬರಿಗೂ, ಮಕ್ಕಳಿಗೆ ಅವರ ಅಳತೆಯದ್ದೇ ಜೀವರಕ್ಷಕ ಜಾಕೆಟ್ ಇರಲಿ. ಸಿಂಗರಿಸಿದ ದೋಣಿಯ ಫೋಟೋ ನಿಮಗೆ ಬಂದಾಗ ಕುರ್ಚಿಯ ಅಂದವನ್ನು ಹೊಗಳುವ ಮೊದಲು, ಆಸನದ ಫೋಮ್ ಹಾಗೇ ಇದೆಯೇ ಎಂದು ಕೇಳಿ.