ಮಲಬದ್ಧತೆ: ನಾಚಿಕೆಯೂ ಬೇಡ, ನಿರ್ಲಕ್ಷ್ಯವೂ ಬೇಡ

ತೊಗರಿಯ ಸುಗ್ಗಿ ಬಂದಿತೆಂದರೆ ಕಲಬುರಗಿಯ ನೆಹರು ಗಂಜಿನಲ್ಲಿ ಗುಮಾಸ್ತರಿಗೂ ಹಮಾಲರಿಗೂ ಬಿಡುವೆಂಬುದಿಲ್ಲ. ಲೆಕ್ಕ ಮುಗಿಯಲಿ, ಲಾರಿ ತುಂಬಲಿ ಎಂದು ಹಸಿವು ನೀರಡಿಕೆಗಳನ್ನು ಮುಂದೂಡುವಂತೆಯೇ ಮಲವಿಸರ್ಜನೆಯ ಕರೆಯನ್ನೂ ಮುಂದೂಡುವುದುಂಟು. ಸಂತೆಗೆ ಬಂದ ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. ತಡೆದಷ್ಟೂ ದೊಡ್ಡ ಕರುಳು ಮಲದಲ್ಲಿಯ ನೀರನ್ನು ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ನೀರು ಸಾಲದಿದ್ದರೆ ತೊಂದರೆ ಇಮ್ಮಡಿಸುತ್ತದೆ.

ದಿನಕ್ಕೊಮ್ಮೆ ಆಗದಿದ್ದರೆ ರೋಗವೆಂದು ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಸಹಜವೇ. ಅದಕ್ಕಿಂತ ಕಡಿಮೆಯಾದರೆ, ಆಡಿನ ಹಿಕ್ಕೆಯಂತೆ ಗಂಟುಗಂಟಾಗಿ ಬಂದರೆ, ತಿಣುಕಬೇಕಾದರೆ, ಪೂರ್ತಿ ಹೋಗಲಿಲ್ಲವೆಂಬ ಭಾವನೆ ಉಳಿದರೆ ಮಲಬದ್ಧತೆಯೆಂದು ತಿಳಿಯಬೇಕು. ಹಾಸಿಗೆ ಹಿಡಿದ ವೃದ್ಧರಲ್ಲಿ ಇದು ಭೇದಿಯ ವೇಷದಲ್ಲಿಯೂ ಬರುತ್ತದೆ. ಒಳಗೆ ಮಲ ಕಲ್ಲಿನಂತೆ ಕಟ್ಟಿಕೊಂಡು, ಅದರ ಪಕ್ಕದಿಂದ ನೀರಿನಂಥದು ಸೋರುತ್ತದೆ. ಮನೆಯವರು ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟರೆ ಕೇಡು ಹೆಚ್ಚುತ್ತದೆ.

2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ನಾಡಿನಲ್ಲಿ ನಾರಿನ ಆಹಾರಕ್ಕೆ ಕೊರತೆಯಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ರೊಟ್ಟಿ, ಪುಂಡಿಪಲ್ಲೆ, ಬೇಳೆಗಳ ಊಟ ಬಿಟ್ಟು ಮೈದೆಯ ಬ್ರೆಡ್ಡು ಬಿಸ್ಕೀಟುಗಳಿಗೆ ಮಕ್ಕಳನ್ನು ಒಗ್ಗಿಸುವುದು ನಮಗೆ ಸೋಜಿಗವೆನಿಸುತ್ತದೆ. ಬೆಳಗಿನ ಉಪಾಹಾರವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹತ್ತು ನಿಮಿಷವನ್ನು ಅದಕ್ಕೇ ಬಿಡಬೇಕು. ಇಸಬಗೋಲನ್ನು ಸಾಕಷ್ಟು ನೀರಿನೊಂದಿಗೇ ಸೇವಿಸಬೇಕು. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಗುಳಿಗೆಗಳಿಂದಲೂ ಮಲ ಗಟ್ಟಿಯಾಗಬಹುದು. ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಥೈರಾಯ್ಡ್ ಗ್ರಂಥಿಯ ಮಂದತೆ, ಮಧುಮೇಹಗಳೂ ಕಾರಣವಾಗಬಲ್ಲವು.

ಆಹಾರ ತಿದ್ದಿಕೊಂಡರೂ ಎರಡು ಮೂರು ವಾರಗಳಲ್ಲಿ ಸರಿಹೋಗದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50 ದಾಟಿದವರಲ್ಲಿ ಹೊಸದಾಗಿ ಬಂದ ಬದಲಾವಣೆ ಇದ್ದರೆ ಅಷ್ಟೂ ಕಾಯಬಾರದು. ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿಕೊಳ್ಳುವವರು ಬಹಳ. ಕರುಳಿನ ಅರ್ಬುದವೂ ಹೀಗೆಯೇ ಆರಂಭವಾಗಬಹುದು, ಬೇಗ ಗುರುತಿಸಿದರೆ ಗುಣವಾಗುವ ಸಂಭವ ಹೆಚ್ಚು. ಹೊಟ್ಟೆ ಉಬ್ಬಿ, ತೀವ್ರ ನೋವು, ವಾಂತಿಗಳೊಡನೆ ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿರಬಹುದು. ಆಗ ಹರಳೆಣ್ಣೆ ಕುಡಿಸಿ ನೋಡುತ್ತ ಕೂಡದೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು.